ಕೇಳಿರದ ಸಂಗೀತ ನಾಟಕಕ್ಕೆ ಹೊರಟವರಿಗೆ: ಟಿಕೆಟ್‌ನಿಂದ ಕೊನೆಯ ಪಲ್ಲವಿಯವರೆಗೆ

ಬೆಂಗಳೂರಿನಲ್ಲಿ ಸಂಗೀತ ನಾಟಕ ನೋಡಿ ಬಂದವರ ದೂರುಗಳು ಹೆಚ್ಚುಕಡಿಮೆ ಮೂರೇ. ಬಾಗಿಲು ಹಾಕಿಬಿಟ್ಟಿದ್ದರು, ಒಳಗೆ ಬಿಡಲಿಲ್ಲ. ಹಾಡು ಕಿವಿಗೆ ಇಂಪಾಗಿತ್ತು, ಆದರೆ ಒಂದು ಸಾಲೂ ತಿಳಿಯಲಿಲ್ಲ. ಅರ್ಧಕ್ಕೆ ಬರುವ ಹೊತ್ತಿಗೆ ಯಾರು ಯಾರಿಗೆ ಏನಾಗಬೇಕು ಎನ್ನುವುದೇ ಗೊಂದಲವಾಯಿತು.

ಮೊದಲನೆಯದಕ್ಕೆ ಈ ಊರಿನ ರಸ್ತೆಗಳನ್ನು ಬೈದು ಸಮಾಧಾನಪಟ್ಟುಕೊಳ್ಳಬಹುದು. ಉಳಿದ ಎರಡಕ್ಕೆ ಕಾರಣ ನಮ್ಮ ಅಭ್ಯಾಸದಲ್ಲಿದೆ. ಸಿನಿಮಾದಲ್ಲಿ ಹಾಡು ಬಂತೆಂದರೆ ಕಥೆಗೆ ಬಿಡುವು ಎಂದು ನಮ್ಮ ಕಿವಿ ಕಲಿತುಬಿಟ್ಟಿದೆ. ಹಾಡು ಶುರುವಾದೊಡನೆ ಕಾಲು ಚಾಚಿ ಕೂರುತ್ತೇವೆ, ಪಕ್ಕದವರ ಕಡೆ ಬಾಗಿ ಏನೋ ಕೇಳುತ್ತೇವೆ. ಹವ್ಯಾಸಿ ರಂಗಭೂಮಿಯ ಸಂಗೀತ ನಾಟಕದಲ್ಲಿ ಮದುವೆ, ಸಾವು, ಮೋಸ, ಹತ್ತು ವರ್ಷದ ಕಾಲ ಎಲ್ಲವೂ ಹಾಡಿನೊಳಗೇ ಕಳೆದುಹೋಗುತ್ತವೆ. ಮತ್ತೆ ಮಾತು ಶುರುವಾದಾಗ ನಾವು ಹಳೆಯ ಊರಿನಲ್ಲೇ ನಿಂತಿರುತ್ತೇವೆ, ನಾಟಕ ಮುಂದೆ ಹೋಗಿರುತ್ತದೆ.

ಕಥೆ ಗೊತ್ತಿಲ್ಲದ, ಹಾಡು ಕೇಳಿರದ, ತಂಡದ ಹೆಸರೂ ಹೊಸದಾದ ನಾಟಕವೊಂದಕ್ಕೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಂತಗಳನ್ನು ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಮೊದಲ ಎರಡು ಹಂತಗಳನ್ನು ಬಿಟ್ಟು ನೇರವಾಗಿ ಟಿಕೆಟ್‌ಗೆ ಹೋಗುವವರೇ ಹೆಚ್ಚು, ಮೇಲಿನ ದೂರುಗಳು ಬರುವುದೂ ಅವರಿಂದಲೇ.

ಜೊತೆಗಿರಬೇಕಾದ್ದು

ಒಂದು ಪುಟ್ಟ ನೋಟ್‌ಪುಸ್ತಕ, ಒಂದು ಪೆನ್ಸಿಲ್. ದೂರದ್ದನ್ನು ನೋಡಲು ಕನ್ನಡಕ ಹಾಕುವವರಾದರೆ ಕನ್ನಡಕ. ನಟರ ಕಣ್ಣು ಕಾಣದಿದ್ದರೆ ಏಳನೇ ಹಂತದ ಅರ್ಧ ಭಾಗ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಹವಾನಿಯಂತ್ರಿತ ಸಭಾಂಗಣವಾದರೆ ಒಂದು ಶಾಲು, ಬಯಲು ರಂಗಮಂದಿರವಾದರೆ ಸ್ವೆಟರ್. ಮೊಬೈಲ್‌ನಲ್ಲಿ ಮನೆಗೆ ಆಟೊ ಅಥವಾ ಕ್ಯಾಬ್ ಕರೆಯುವಷ್ಟು ಚಾರ್ಜ್ ಉಳಿದಿರಬೇಕು. ನಾಟಕ ನಡೆಯುವಾಗ ಅದರಿಂದ ಬೇರೆ ಕೆಲಸವಿಲ್ಲ.

ಹಂತ 1: ಇದು ಯಾವ ಬಗೆಯ ಸಂಗೀತ ನಾಟಕ ಎಂದು ಮೊದಲು ತಿಳಿದುಕೊಳ್ಳಿ

ಪೋಸ್ಟರ್‌ನಲ್ಲಿ ‘ಸಂಗೀತಮಯ ನಾಟಕ’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಈ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಬಗೆಯ ಪ್ರದರ್ಶನಗಳು ನಡೆಯುತ್ತವೆ. ಪ್ರತಿಯೊಂದನ್ನೂ ನೋಡುವ ರೀತಿ ಬೇರೆ.

ಒಂದು, ಪೌರಾಣಿಕ ನಾಟಕ ಮತ್ತು ವೃತ್ತಿ ತಂಡಗಳು ಆಡುವ ಕಂಪನಿ ನಾಟಕ. ಕುರುಕ್ಷೇತ್ರದಂತಹ ನಾಟಕಗಳನ್ನು ಊರ ಕಡೆಯ ಆಸಕ್ತರು ತಾವೇ ಹಣ ಹಾಕಿ, ಪಾತ್ರ ಹಂಚಿಕೊಂಡು, ಹಾರ್ಮೋನಿಯಂ ಮೇಷ್ಟರ ಕೈಯಲ್ಲಿ ತಿಂಗಳುಗಟ್ಟಲೆ ಕಲಿತು ಆಡುತ್ತಾರೆ. ಇಲ್ಲಿ ಹಾಡು ಬಂದಾಗ ಕಥೆ ನಿಜವಾಗಿಯೂ ನಿಲ್ಲುತ್ತದೆ, ನಿಲ್ಲಲೇಬೇಕು. ಕಂದಪದ್ಯವನ್ನು ದುರ್ಯೋಧನ ಎಷ್ಟು ಎಳೆಯುತ್ತಾನೆ, ಎಲ್ಲಿಗೆ ಏರಿಸುತ್ತಾನೆ ಎನ್ನುವುದನ್ನು ಕೇಳಲೆಂದೇ ಜನ ಬಂದಿರುತ್ತಾರೆ. ನಡುವೆ ಅಭಿಮಾನಿಗಳು ವೇದಿಕೆ ಹತ್ತಿ ಹಾರ ಹಾಕಬಹುದು, ‘ಒನ್ಸ್ ಮೋರ್’ ಕೂಗು ಬಿದ್ದರೆ ಸತ್ತವನು ಎದ್ದು ಮತ್ತೆ ಹಾಡಬಹುದು. ಇದನ್ನು ಅಶಿಸ್ತು ಎಂದುಕೊಂಡು ಮುಖ ಸಿಂಡರಿಸಿ ಕೂತರೆ ನಷ್ಟ ನಿಮ್ಮದೇ.

ಎರಡು, ನಿರ್ದೇಶಕ, ರಂಗಸಂಗೀತಕಾರ ಬಿ.ವಿ. ಕಾರಂತರ ದಾರಿಯಲ್ಲಿ ಬೆಳೆದ ಹವ್ಯಾಸಿ ನಾಟಕ. ಹಾಡುವವರ, ವಾದ್ಯ ನುಡಿಸುವವರ ಮೇಳವೊಂದು ರಂಗದ ಪಕ್ಕದಲ್ಲೋ ರಂಗದ ಮೇಲೆಯೋ ಕೂತಿರುತ್ತದೆ. ಹಾಡೇ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ, ಪಾತ್ರವನ್ನು ಅಣಕಿಸುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಕಥೆ ನಿರೂಪಿಸುವ ಭಾಗವತ ಮಾಡುವ ಕೆಲಸವನ್ನು ನೆನಪಿಸಿಕೊಳ್ಳಿ. ಗೊಂದಲವಾಯಿತು ಎಂಬ ದೂರು ಬರುವುದು ಮುಖ್ಯವಾಗಿ ಈ ಬಗೆಯ ನಾಟಕದಲ್ಲಿ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಇದಕ್ಕೇ ಮೀಸಲು.

ಮೂರು, ಗೀತನಾಟಕ. ಮಾತೇ ಇಲ್ಲ ಅಥವಾ ಬಹಳ ಕಡಿಮೆ. ಕವಿ ಪು.ತಿ.ನ. ಬರೆದ ಬಗೆಯವು. ಇಲ್ಲಿ ಸಾಹಿತ್ಯ ಮೊದಲೇ ಓದದೆ ಹೋಗಬೇಡಿ. ಕಥೆಯಷ್ಟೇ ತಿಳಿದರೆ ಸಾಕು ಎಂದು ಎರಡನೇ ಹಂತದಲ್ಲಿ ನಾನು ಹೇಳುವ ನಿಯಮಕ್ಕೆ ಇದೊಂದೇ ಅಪವಾದ.

ನಾಲ್ಕು, ಬ್ರಾಡ್‌ವೇ ಮಾದರಿಯ ಇಂಗ್ಲಿಷ್ ಮ್ಯೂಸಿಕಲ್. ಇದಕ್ಕೆ ಒಂದು ಸಿದ್ಧ ಚೌಕಟ್ಟು ಇರುತ್ತದೆ. ಹಲವು ನಾಟಕಗಳಲ್ಲಿ ಪರದೆ ಏಳುವ ಮೊದಲು ವಾದ್ಯಗಳಲ್ಲೇ ಮುಂದಿನ ಹಾಡುಗಳ ಧಾಟಿಗಳು ಒಂದೊಂದಾಗಿ ಬಂದುಹೋಗುತ್ತವೆ. ಅದನ್ನು ಓವರ್ಚರ್ ಎನ್ನುತ್ತಾರೆ. ಮೊದಲ ಕೆಲವು ಹಾಡುಗಳಲ್ಲೇ ಮುಖ್ಯ ಪಾತ್ರ ತನಗೆ ಏನು ಬೇಕು ಎಂದು ಹಾಡಿಬಿಡುತ್ತದೆ. ಮಧ್ಯಂತರಕ್ಕೆ ಮುಂಚೆ ದೊಡ್ಡ ಹಾಡು, ಉತ್ತರಾರ್ಧ ಸಾಮಾನ್ಯವಾಗಿ ಚಿಕ್ಕದು, ಅದರಲ್ಲಿ ಹಳೆಯ ಹಾಡುಗಳ ತುಣುಕುಗಳು ಹೊಸ ಅರ್ಥದಲ್ಲಿ ತಿರುಗಿ ಬರುತ್ತವೆ. ‘ನನಗೆ ಬೇಕು’ ಎನ್ನುವ ಆ ಹಾಡನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಯಾವ ಬಗೆ ಎಂದು ತಿಳಿಯುವುದು ಹೇಗೆ? ಪೋಸ್ಟರ್‌ನ ಕೆಳಗಿನ ಸಣ್ಣ ಅಕ್ಷರ ಓದಿ. ಹಾರ್ಮೋನಿಯಂ ಮೇಷ್ಟರ ಹೆಸರು ದೊಡ್ಡದಾಗಿದ್ದು, ಪಾತ್ರಧಾರಿಗಳ ಭಾವಚಿತ್ರಗಳು ಸಾಲಾಗಿದ್ದರೆ ಮೊದಲನೆಯದು. ‘ಸಂಗೀತ, ವಿನ್ಯಾಸ, ನಿರ್ದೇಶನ’ ಎಂದು ಬರೆದು ಕೆಳಗೆ ‘ಮೇಳ’ ಎಂದು ನಾಲ್ಕೈದು ಹೆಸರಿದ್ದರೆ ಎರಡನೆಯದು.

ಹಂತ 2: ಕಥೆ ತಿಳಿದುಕೊಳ್ಳಿ, ಹಾಡು ಕೇಳಬೇಡಿ

ಜನ ಮಾಡುವುದು ಇದಕ್ಕೆ ತದ್ವಿರುದ್ಧ. ಯೂಟ್ಯೂಬ್‌ನಲ್ಲಿ ನಾಟಕದ ಎರಡು ಹಾಡು ಕೇಳಿ, ಕಥೆ ಗೊತ್ತಾದರೆ ರುಚಿ ಕೆಡುತ್ತದೆ ಎಂದು ಕಥೆಯನ್ನು ಮಾತ್ರ ದೂರ ಇಡುತ್ತಾರೆ. ನಮ್ಮಲ್ಲಿ ಜನ ಕರ್ಣನ ಸಾವು ಗೊತ್ತಿದ್ದೇ ಇಡೀ ರಾತ್ರಿ ಯಕ್ಷಗಾನಕ್ಕೆ ಕೂರುತ್ತಾರೆ. ಕಥೆ ಗೊತ್ತಿದ್ದರೆ ಕೆಡುವಂಥದ್ದು ಪತ್ತೇದಾರಿ ನಾಟಕ ಮಾತ್ರ.

ಕಥೆಯನ್ನು ಹತ್ತು ಸಾಲಿನಲ್ಲಿ ತಿಳಿದುಕೊಂಡರೆ ಸಾಕು. ಮುಖ್ಯ ಪಾತ್ರಗಳು ನಾಲ್ಕೈದು, ಅವರ ಸಂಬಂಧ, ಎಲ್ಲಿ ಯಾವ ಕಾಲದಲ್ಲಿ ನಡೆಯುತ್ತದೆ. ಟಿಕೆಟ್ ಪುಟದಲ್ಲಿ ಸಾರಾಂಶ ಇದ್ದರೆ ಅದನ್ನೇ ಓದಿ. ಇಲ್ಲದಿದ್ದರೆ ತಂಡಕ್ಕೆ ಫೋನ್ ಮಾಡಿ. ಹವ್ಯಾಸಿ ತಂಡಗಳ ಪೋಸ್ಟರ್‌ನಲ್ಲಿ ನಂಬರ್ ಇದ್ದೇ ಇರುತ್ತದೆ, ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ. ಅದೇ ಉಸಿರಿನಲ್ಲಿ ಅವಧಿ ಎಷ್ಟು, ಮಧ್ಯಂತರ ಇದೆಯೇ, ಹಾಡುವುದು ನಟರೇ ಅಥವಾ ಧ್ವನಿಮುದ್ರಣವೇ ಎಂದೂ ಕೇಳಿಬಿಡಿ.

ಹಾಡನ್ನು ಏಕೆ ಕೇಳಬಾರದು? ಧ್ವನಿಮುದ್ರಣದಲ್ಲಿ ಹಾಡು ಸ್ಟುಡಿಯೊದ ಚೊಕ್ಕತನದಲ್ಲಿರುತ್ತದೆ. ರಂಗದ ಮೇಲೆ ಅದೇ ಹಾಡನ್ನು ಓಡಿ ಬಂದ ನಟಿ ಏದುಸಿರಿನಲ್ಲಿ ಹಾಡುತ್ತಾಳೆ. ಮೊದಲು ಕೇಳಿದ್ದರೆ ಕಿವಿ ತಾಳೆ ನೋಡಲು ಶುರುಮಾಡಿ, ಆಕೆ ಯಾಕೆ ಏದುಸಿರು ಬಿಡುತ್ತಿದ್ದಾಳೆ ಎನ್ನುವುದನ್ನು ಬಿಟ್ಟುಬಿಡುತ್ತದೆ. ಗೀತನಾಟಕದಲ್ಲೂ ಸಾಹಿತ್ಯ ಓದಿಕೊಳ್ಳಿ ಎಂದೆನೇ ಹೊರತು ಕೇಳಿಕೊಳ್ಳಿ ಎಂದಿಲ್ಲ.

ಹಂತ 3: ಟಿಕೆಟ್ ತೆಗೆಯುವಾಗ ಸಭಾಂಗಣದ ಹೆಸರನ್ನು ಎರಡು ಸಲ ಓದಿ

ಜೆ.ಸಿ. ರಸ್ತೆಯಲ್ಲಿ ಎಡವುವವರಿಗೆ ಲೆಕ್ಕವಿಲ್ಲ. ರವೀಂದ್ರ ಕಲಾಕ್ಷೇತ್ರ ದೊಡ್ಡ ಸಭಾಂಗಣ. ಅದರ ಹಿಂಬದಿಯಲ್ಲಿ ಸಂಸ ಬಯಲು ರಂಗಮಂದಿರ. ಅದೇ ಆವರಣದ ಕನ್ನಡ ಭವನದಲ್ಲಿ ನಯನ ಸಭಾಂಗಣ. ರಸ್ತೆಯ ಆಚೆ ಎ.ಡಿ.ಎ. ರಂಗಮಂದಿರ. ಸ್ನೇಹಿತರು ವಾಟ್ಸ್ಆ್ಯಪ್‌ನಲ್ಲಿ ‘ಕಲಾಕ್ಷೇತ್ರದಲ್ಲಿ ಸಿಗೋಣ’ ಎಂದಷ್ಟೇ ಬರೆದಿದ್ದರೆ ಇವುಗಳಲ್ಲಿ ಯಾವುದೂ ಆಗಿರಬಹುದು. ಸಂಜೆ ಆರೂಮುಕ್ಕಾಲಿಗೆ ಬೇರೆಯವರ ಭರತನಾಟ್ಯ ರಂಗಪ್ರವೇಶದಲ್ಲಿ ಕೂತು, ಪರದೆ ಸರಿದ ಮೇಲೆ ಗೊತ್ತಾಗಿ ಓಡುವವರನ್ನು ಇವತ್ತಿಗೂ ಕಾಣಬಹುದು.

ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ ಆ ಗೊಂದಲವಿಲ್ಲ, ಕಟ್ಟಡದಲ್ಲಿ ಇರುವುದೊಂದೇ ರಂಗಮಂದಿರ. 300ಕ್ಕೂ ಸ್ವಲ್ಪ ಹೆಚ್ಚು ಆಸನ, ಸೋಮವಾರ ರಜೆ. ಸಾಮಾನ್ಯವಾಗಿ ಸಂಜೆ 7:30ಕ್ಕೆ ನಾಟಕ, ವಾರಾಂತ್ಯದಲ್ಲಿ ಮಧ್ಯಾಹ್ನ 3:30ಕ್ಕೂ ಒಂದು ಪ್ರದರ್ಶನ ಇರುವುದುಂಟು. ಹನುಮಂತನಗರದ ಕೆ.ಎಚ್. ಕಲಾಸೌಧ, ವೈಟ್‌ಫೀಲ್ಡ್ ಕಡೆಯ ಜಾಗೃತಿ, ವೈಯಾಲಿಕಾವಲ್‌ನ ಚೌಡಯ್ಯ ಸ್ಮಾರಕ ಭವನ, ಮಲ್ಲತ್ತಹಳ್ಳಿಯ ಕಲಾಗ್ರಾಮ ಇವೆಲ್ಲ ನಗರದ ಬೇರೆ ಬೇರೆ ದಿಕ್ಕುಗಳು. ಮನೆಗೆ ವಾಪಸು ಬರುವ ದಾರಿಯನ್ನು ಟಿಕೆಟ್ ಒತ್ತುವ ಮೊದಲೇ ಯೋಚಿಸಿ.

ವಾರದ ದಿನ ಕಚೇರಿ ಮುಗಿಸಿ ಹೋಗುವವರಿಗೆ ನನ್ನ ಸಲಹೆ ಸ್ಪಷ್ಟ: ಹೊಸ ಬಗೆಯ ನಾಟಕವನ್ನು ವಾರದ ದಿನ ನೋಡಬೇಡಿ. ಶನಿವಾರ, ಭಾನುವಾರದ ಮಧ್ಯಾಹ್ನದ ಪ್ರದರ್ಶನ ಇದ್ದರೆ ಅದೇ ಒಳ್ಳೆಯದು. ಕಿವಿ ದಣಿದಿರುವುದಿಲ್ಲ, ಹೊರಗೆ ಬಂದಾಗ ಬಸ್ಸೂ ಇರುತ್ತದೆ. ಮೊದಲ ಪ್ರದರ್ಶನಕ್ಕಿಂತ ಎರಡನೆಯದೋ ಮೂರನೆಯದೋ ಮೇಲು. ಮೇಳ ಮತ್ತು ನಟರ ನಡುವೆ ತಾಳ ಕೂಡಲು ಒಂದೆರಡು ಸಂಜೆ ಬೇಕು.

ಎಚ್ಚರಿಕೆಯ ಗುರುತು: ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು ಎಂದು ಏಳೆಂಟು ಹೆಸರಿದ್ದರೆ ನಾಟಕಕ್ಕೆ ಮೊದಲು ಸಭಾ ಕಾರ್ಯಕ್ರಮ ಇದೆ ಎಂದರ್ಥ. ಹಾಗೆಂದು ತಡವಾಗಿ ಹೋಗಬೇಡಿ. ಅತಿಥಿಗಳು ಬಾರದೆ ನಾಟಕ ಸರಿಯಾದ ಸಮಯಕ್ಕೇ ಶುರುವಾದ ಉದಾಹರಣೆಗಳೂ ಇವೆ.

ಹಂತ 4: ಮೂರನೇ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಮೂರನೇ ಸಲ ಗಂಟೆ ಬಾರಿಸಿತೆಂದರೆ ನಾಟಕ ಶುರು ಎಂದರ್ಥ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಹೊಸೂರು ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿತ್ತು ಎಂದರೂ ಇಲ್ಲ, ದುಡ್ಡು ಕೊಟ್ಟಿದ್ದೇನೆ ಎಂದರೂ ಇಲ್ಲ. ವಾದ ಮಾಡುವುದು ವ್ಯರ್ಥ. ಈ ಕಟ್ಟುನಿಟ್ಟನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ, ಸಂಗೀತ ನಾಟಕದ ವಿಷಯದಲ್ಲಂತೂ. ಮೊದಲ ಹಾಡು ತಪ್ಪಿದವರಿಗೆ ಕೊನೆಯ ಹಾಡು ಅರ್ಥವಾಗುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಶುರುವಾಗುವುದಕ್ಕೆ 45 ನಿಮಿಷ ಮೊದಲು ಸ್ಥಳದಲ್ಲಿರಬೇಕು ಎಂದು ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕಾಫಿ ಕುಡಿಯಬಹುದು, ಕರಪತ್ರ ಓದಬಹುದು, ಸಾಲಿನಲ್ಲಿ ಮುಂದೆ ನಿಲ್ಲಬಹುದು. ಆಸನ ಸಂಖ್ಯೆ ಇಲ್ಲದ ಕಡೆ ಸಾಲೇ ನಿಮ್ಮ ಆಸನವನ್ನು ತೀರ್ಮಾನಿಸುತ್ತದೆ.

ಜೆ.ಸಿ. ರಸ್ತೆಗೆ ಕಾರು ಒಯ್ಯಬೇಡಿ. ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಪುರಭವನದ ಕಡೆಗೆ ನಡೆದರೆ ಕಲಾಕ್ಷೇತ್ರ ಸಿಗುತ್ತದೆ. ಜೆ.ಪಿ. ನಗರ ಎಂಬ ಮೆಟ್ರೊ ನಿಲ್ದಾಣದ ಹೆಸರು ನೋಡಿ ರಂಗಶಂಕರ ಅಲ್ಲೇ ಪಕ್ಕದಲ್ಲಿದೆ ಎಂದುಕೊಳ್ಳಬೇಡಿ, ಅಲ್ಲಿಂದ ಆಟೊ ಬೇಕು. ಮಳೆಗಾಲದಲ್ಲಿ ಇನ್ನೂ ಅರ್ಧ ಗಂಟೆ ಸೇರಿಸಿ.

ಹೊಟ್ಟೆಗೆ ಮೊದಲೇ ಏನಾದರೂ ಹಾಕಿಕೊಳ್ಳಿ, ಆದರೆ ಭರ್ತಿ ಊಟ ಬೇಡ. ಕತ್ತಲೆ, ತಣ್ಣನೆಯ ಗಾಳಿ, ತಂಬೂರಿಯ ಶ್ರುತಿ ಮೂರೂ ಸೇರಿದರೆ ಬಿಸಿಬೇಳೆಬಾತ್ ತಿಂದವರ ಗತಿ ಹೇಳಬೇಕಾಗಿಲ್ಲ.

ಇಡೀ ರಾತ್ರಿಯ ಪ್ರಯೋಗವಾದರೆ ಲೆಕ್ಕವೇ ಬೇರೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ರಂಗರೂಪ ಕಲಾಗ್ರಾಮದಲ್ಲಿ ಸುಮಾರು 9 ಗಂಟೆ ನಡೆಯುತ್ತಿತ್ತು, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕಿತ್ತು. ಅಂಥದ್ದಕ್ಕೆ ಮಧ್ಯಾಹ್ನ ಮಲಗಿ ಎದ್ದು, ಕಾಲಿಗೆ ಸರಿಯಾದ ಚಪ್ಪಲಿ ಹಾಕಿ, ಹೊದಿಕೆ ತೆಗೆದುಕೊಂಡು ಹೋಗಿ.

ಹಂತ 5: ಕೂರುವ ಜಾಗ

ಮೊದಲ ಸಾಲು ಗೌರವದ ಜಾಗವೇ ಹೊರತು ಕೇಳುವ ಜಾಗವಲ್ಲ. ಅಲ್ಲಿ ಕೂತರೆ ಮೇಳದ ಡೋಲಕ್ ಮಾತ್ರ ಕೇಳುತ್ತದೆ, ಸಾಹಿತ್ಯ ತಲೆಯ ಮೇಲೆ ಹಾರಿಹೋಗುತ್ತದೆ.

ಒಳಗೆ ಹೋದೊಡನೆ ಕೂರುವ ಮೊದಲು ಎರಡು ವಸ್ತು ಹುಡುಕಿ. ವಾದ್ಯಗಳು ಎಲ್ಲಿವೆ? ಸ್ಪೀಕರ್ ಎಲ್ಲಿವೆ? ಮೇಳ ರಂಗದ ಎಡಕ್ಕಿದ್ದರೆ ನೀವು ನಡುವಿನಿಂದ ಸ್ವಲ್ಪ ಬಲಕ್ಕೆ ಕೂರಿ. ತಾಳವಾದ್ಯದ ಪೆಟ್ಟು ದೂರವಾಗಿ, ಹಾಡುವವರ ತುಟಿ ಎದುರಿಗೆ ಬರುತ್ತದೆ. ಸ್ಪೀಕರ್‌ನ ನೇರಕ್ಕೆ ಎಂದೂ ಬೇಡ. ನಾಲ್ಕನೆಯದರಿಂದ ಎಂಟನೆಯ ಸಾಲಿನವರೆಗೆ ನಡುಭಾಗ ಸಿಕ್ಕರೆ ಬಿಡಬೇಡಿ.

ರಂಗಶಂಕರದ ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ. ತೀರಾ ಪಕ್ಕದ ಆಸನಗಳಲ್ಲಿ ಕೂತರೆ ಕೆಲವು ದೃಶ್ಯಗಳಲ್ಲಿ ನಟರ ಬೆನ್ನೇ ಕಾಣುವ ಸಾಧ್ಯತೆ ಇದೆ. ಅಂಥ ಕಡೆ ಪಕ್ಕದ ಮುಂದಿನ ಸಾಲಿಗಿಂತ ನಡುವಿನ ಹಿಂದಿನ ಸಾಲು ವಾಸಿ. ಚೌಡಯ್ಯದಂತಹ ಸಾವಿರಕ್ಕೂ ಹೆಚ್ಚು ಆಸನಗಳ ದೊಡ್ಡ ಸಭಾಂಗಣದಲ್ಲಿ ಹಿಂದೆ ಕೂತರೆ ಧ್ವನಿ ಬರುತ್ತದೆ, ಮುಖ ಬರುವುದಿಲ್ಲ.

ಎಂಟು ಜನ ಒಟ್ಟಿಗೆ ಕೂರಲೇಬೇಕು ಎಂಬ ಹಟ ಬಿಡಿ. ಹುಡುಕುವಷ್ಟರಲ್ಲಿ ಒಳ್ಳೆಯ ಜಾಗ ಹೋಗಿರುತ್ತದೆ. ಮಾತಾಡಲು ಆಮೇಲೆ ಇಡೀ ರಾತ್ರಿ ಇದೆ.

ಹಂತ 6: ಮೊದಲ ಹದಿನೈದು ನಿಮಿಷ

ಮೊಬೈಲ್ ಪೂರ್ತಿ ಆಫ್ ಮಾಡಿ. ಸೈಲೆಂಟ್‌ನಲ್ಲಿಟ್ಟರೆ ಸದ್ದು ಬರುವುದಿಲ್ಲ, ಬೆಳಕು ಬರುತ್ತದೆ. ಕೈಗಡಿಯಾರವೂ ಈಗ ಮಿನುಗುವ ಜಾತಿಯದ್ದಾಗಿದೆ. ಅದನ್ನೂ ಬಿಚ್ಚಿ ಚೀಲದಲ್ಲಿಡಿ.

ನಾಂದಿ, ಅಂದರೆ ನಾಟಕದ ಆರಂಭದ ಹಾಡು, ಅಥವಾ ಮೊದಲ ಮೇಳಗೀತೆ ಶುರುವಾದಾಗ ಹೆಚ್ಚಿನವರು ಅದನ್ನು ದೇವರ ಹಾಡು ಎಂದುಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ನಾಟಕಕಾರ ಕೀಲಿಕೈ ಇಟ್ಟಿರುವುದು ಬಹುತೇಕ ಅಲ್ಲೇ. ಊರು ಯಾವುದು, ಬರ ಬಂದಿದೆಯೋ ಜಾತ್ರೆ ನಡೆದಿದೆಯೋ, ನಗಬೇಕೋ ಹೆದರಬೇಕೋ ಎಲ್ಲವನ್ನೂ ಮೇಳ ಮೊದಲ ಹಾಡಿನಲ್ಲೇ ಹೇಳಿರುತ್ತದೆ.

ಈ ಹೊತ್ತಿನಲ್ಲಿ ಎಲ್ಲವೂ ತಿಳಿಯಬೇಕು ಎಂದು ತಿಣುಕಬೇಡಿ. ಉತ್ತರ ಕರ್ನಾಟಕದ ಮಾತಿನಲ್ಲಿ ಬರೆದ ನಾಟಕವಾದರೆ ಬೆಂಗಳೂರಿನ ಕಿವಿ ಒಗ್ಗಿಕೊಳ್ಳಲು ಹತ್ತು ನಿಮಿಷ ಬೇಕೇ ಬೇಕು. ಆ ಹತ್ತು ನಿಮಿಷ ಒಂದೇ ಕೆಲಸ ಮಾಡಿ: ಎರಡನೇ ಹಂತದಲ್ಲಿ ತಿಳಿದ ನಾಲ್ಕೈದು ಪಾತ್ರಗಳಿಗೆ ಮುಖ ಜೋಡಿಸಿ. ಒಬ್ಬನೇ ನಟ ಮೂರು ಪಾತ್ರ ಮಾಡುವ ನಾಟಕಗಳಲ್ಲಿ ಹೆಗಲ ಮೇಲಿನ ಟವೆಲ್, ರುಮಾಲಿನ ಬಣ್ಣ, ಕೈಯ ಕೋಲು ಇವೇ ಗುರುತು. ಟವೆಲ್ ಸೊಂಟಕ್ಕೆ ಬಂದರೆ ಗೌಡ ಆಳಾಗಿದ್ದಾನೆ.

ಪಕ್ಕದವರನ್ನು ‘ಅವನು ಯಾರು’ ಎಂದು ಕೇಳಬೇಡಿ. ಅವರೂ ನಿಮ್ಮಷ್ಟೇ ತಿಳಿದವರು, ಅವರು ಉತ್ತರ ಹೇಳುವ ಹೊತ್ತಿಗೆ ಇಬ್ಬರಿಗೂ ಎರಡು ಸಾಲು ತಪ್ಪಿರುತ್ತದೆ.

ಹಂತ 7: ಹಾಡಿನೊಳಗೆ ನಡೆಯುವುದನ್ನು ಹಿಡಿಯುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಸಾವಧಾನವಾಗಿ ಓದಿ.

ಮೊದಲು ಪಲ್ಲವಿ. ಚರಣಗಳಲ್ಲಿ ಅರ್ಧ ತಪ್ಪಿದರೂ ಪರವಾಗಿಲ್ಲ, ಪಲ್ಲವಿ ತಪ್ಪಬಾರದು. ರಂಗಗೀತೆಗಳಲ್ಲಿ ಸಾಮಾನ್ಯವಾಗಿ ಮೊದಲು ಒಬ್ಬರು ಹಾಡುತ್ತಾರೆ, ಆಮೇಲೆ ಮೇಳ ಅದನ್ನೇ ಎತ್ತಿಕೊಳ್ಳುತ್ತದೆ. ಮೇಳ ಹಾಡುವಾಗ ಹತ್ತು ಬಾಯಲ್ಲಿ ಅಕ್ಷರ ಒಂದರೊಳಗೊಂದು ಸೇರಿಹೋಗುತ್ತದೆ. ಆದ್ದರಿಂದ ಒಬ್ಬರೇ ಹಾಡುವ ಆ ಮೊದಲ ಸಲ ಕಿವಿ ಪೂರ್ತಿ ಅಲ್ಲಿರಲಿ. ಮೇಳ ಎತ್ತಿಕೊಂಡ ಮೇಲೆ ಕಣ್ಣಿಗೆ ಕೆಲಸ ಕೊಡಿ.

ಪಲ್ಲವಿ ಏಕೆ ಇಷ್ಟು ಮುಖ್ಯ? ಹೀಗೊಂದು ಪಲ್ಲವಿ ಇದೆ ಎಂದುಕೊಳ್ಳಿ:

ಬಾಗಿಲ ತೆರೆದಿಟ್ಟೆ, ಬರುವವರು ಬರಲಿ.

ಮೊದಲ ಅಂಕದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣು, ಸಂತೆಗೆ ಹೋದ ಗಂಡನಿಗಾಗಿ ಕಾಯುತ್ತಾ ಇದನ್ನು ನಿಧಾನವಾಗಿ ಹಾಡುತ್ತಾಳೆ. ಹಿಂದೆ ಕೊಳಲೊಂದೇ. ನಾಲ್ಕು ದೃಶ್ಯ ಕಳೆದ ಮೇಲೆ ಸಾಲ ಕೊಟ್ಟವನ ಆಳುಗಳು ಮನೆಯ ಪಾತ್ರೆಪಡಗ ಹೊತ್ತು ಹೋಗುವಾಗ ಮೇಳ ಅದೇ ಸಾಲನ್ನು ಡೊಳ್ಳಿನ ಓಟದ ಗತಿಯಲ್ಲಿ ಕುಣಿಯುತ್ತಾ ಹಾಡುತ್ತದೆ. ಈಗ ಅದು ಕುಹಕ. ಕೊನೆಯ ದೃಶ್ಯದಲ್ಲಿ ಗಂಡ ವಾಪಸು ಬಂದು ಖಾಲಿ ಮನೆಯ ಮುಂದೆ ‘ಬಾಗಿಲ ತೆರೆದಿಟ್ಟೆ’ ಎಂದಷ್ಟೇ ಹಾಡಿ ನಿಲ್ಲಿಸುತ್ತಾನೆ. ಹೆಂಡತಿ ಏನಾದಳೆಂದು ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಮೊದಲ ಸಲದ ಆ ಸಾಲನ್ನು ಹಿಡಿದವನಿಗೆ ಎಲ್ಲ ತಿಳಿಯುತ್ತದೆ. ಹಿಡಿಯದವನು ‘ಕಡೆಗೆ ಏನಾಯಿತು ಅಂತಲೇ ಹೇಳಲಿಲ್ಲ’ ಎಂದು ಗೊಣಗುತ್ತಾ ಹೊರಬರುತ್ತಾನೆ.

ಎರಡನೆಯದಾಗಿ, ಸಾಲಿನ ಕೊನೆಗೆ ಕಿವಿ ಕೊಡಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಆರಂಭದ ಪದಗಳು ವಾದ್ಯದಲ್ಲಿ ಮುಳುಗಿದರೂ ‘ಹೋದನು’, ‘ಹೋದಳು’, ‘ಹೋಗಲಾರೆ’ ಎನ್ನುವುದು ಕೇಳಿದರೆ ಯಾರು ಏನು ಮಾಡಿದರು ಎನ್ನುವುದು ಕೈಗೆ ಸಿಗುತ್ತದೆ. ಕವಿಗಳು ಸಾಲಿನ ಕ್ರಮವನ್ನು ಹಿಂದುಮುಂದು ಮಾಡುವುದುಂಟು, ಆದರೂ ಈ ಉಪಾಯ ಹೆಚ್ಚಿನ ಸಲ ಕೈಕೊಡುವುದಿಲ್ಲ. ಆದಿಪ್ರಾಸ ಇರುವ ಹಾಡಾದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರುತ್ತದೆ. ಆರಂಭದ ಪದವನ್ನು ಊಹಿಸಲು ಅದೂ ಒಂದು ದಾರಿ.

ಮೂರನೆಯದಾಗಿ, ಹಾಡು ಯಾರ ಕಡೆಗೆ ಎಂದು ನೋಡಿ. ನಟಿ ಎದುರಿನ ಪಾತ್ರದ ಕಣ್ಣು ನೋಡಿ ಹಾಡುತ್ತಿದ್ದರೆ ಅದು ಸಂಭಾಷಣೆ, ಆ ಪಾತ್ರಕ್ಕೆ ಕೇಳಿಸುತ್ತಿದೆ. ನಮ್ಮ ಕಡೆ ತಿರುಗಿ ಹಾಡಿದರೆ ನಮಗೆ ಮಾತ್ರ ಹೇಳುತ್ತಿದ್ದಾಳೆ, ಪಕ್ಕದಲ್ಲಿ ನಿಂತ ಗಂಡನಿಗೆ ಗೊತ್ತಿಲ್ಲ. ನೆಲ ನೋಡಿ ಹಾಡಿದರೆ ತನಗೆ ತಾನೇ. ‘ಅಷ್ಟೆಲ್ಲ ಹೇಳಿದರೂ ಅವನಿಗೆ ಏಕೆ ತಿಳಿಯಲಿಲ್ಲ’ ಎಂಬ ಪ್ರಶ್ನೆ ನಿಮಗೆ ಎದ್ದಿದ್ದರೆ, ಈ ದಿಕ್ಕನ್ನು ನೀವು ಗಮನಿಸಿಲ್ಲ.

ನಾಲ್ಕನೆಯದು, ಹಾಡದೆ ನಿಂತವರು. ಊರಿನವರೆಲ್ಲ ಸೇರಿ ಹಾಡುವಾಗ ಒಬ್ಬ ಬಾಯಿ ಮುಚ್ಚಿ ನಿಂತಿದ್ದರೆ ಮುಂದಿನ ದೃಶ್ಯ ಅವನದು. ಒಳ್ಳೆಯ ನಿರ್ದೇಶಕರು ಅವನನ್ನು ಬೆಳಕಿನ ಅಂಚಿನಲ್ಲಿ ನಿಲ್ಲಿಸಿರುತ್ತಾರೆ.

ಹಾಡು ಮುಗಿದ ತಕ್ಷಣ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಶುರುವಾದಾಗ ಇದ್ದದ್ದಕ್ಕೂ ಈಗಿನದಕ್ಕೂ ಏನು ಬದಲಾಯಿತು? ಬಟ್ಟೆ ಬದಲಾಗಿದೆಯೇ, ಮಗು ದೊಡ್ಡದಾಗಿದೆಯೇ, ಇಬ್ಬರ ನಡುವಿನ ದೂರ ಹೆಚ್ಚಾಗಿದೆಯೇ? ಏನೂ ಬದಲಾಗದಿದ್ದರೆ ಎರಡರಲ್ಲೊಂದು. ನೀವು ಏನೋ ಬಿಟ್ಟಿದ್ದೀರಿ, ಇಲ್ಲವೇ ಹಾಡು ಅಲ್ಲಿ ಬೇಕಾಗಿರಲಿಲ್ಲ. ಬೇಡದ ಹಾಡುಗಳನ್ನು ತುರುಕುವ ನಾಟಕಗಳು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಸತತ ಮೂರು ಹಾಡು ಹೀಗೆಯೇ ಆದರೆ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಬಹುದು.

ಇನ್ನು ಚಪ್ಪಾಳೆ. ಕಂಪನಿ ನಾಟಕದಲ್ಲಿ ಮನಸ್ಸು ಬಂದಾಗ ತಟ್ಟಿ, ಶಿಳ್ಳೆಗೂ ಬೇಸರವಿಲ್ಲ. ಬ್ರಾಡ್‌ವೇ ಮಾದರಿಯಲ್ಲಿ ದೊಡ್ಡ ಹಾಡುಗಳ ನಂತರ ಚಪ್ಪಾಳೆಗೆಂದೇ ಬಿಡುವು ಇಟ್ಟಿರುತ್ತಾರೆ, ಸುಮ್ಮನಿದ್ದರೆ ನಟರೇ ಕಂಗಾಲಾಗುತ್ತಾರೆ. ಹವ್ಯಾಸಿ ನಾಟಕದಲ್ಲಿ ಮಾತ್ರ ಬೆಳಕು ಆರುವವರೆಗೆ ತಡೆದುಕೊಳ್ಳಿ. ಎಷ್ಟೋ ಸಲ ಹಾಡಿನ ಕೊನೆಯ ಸ್ವರದ ಮೇಲೆಯೇ ಮುಂದಿನ ಮಾತು ಬೀಳುತ್ತದೆ, ಚಪ್ಪಾಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ಪರಿಚಿತ ಧಾಟಿ ಸಿಕ್ಕಿತೆಂದು ತಾಳ ಹಾಕುತ್ತಾ ಜೊತೆಗೆ ಗುನುಗುವವರಿಗೆ ಹೇಳುವುದು ಇಷ್ಟೇ: ದಯವಿಟ್ಟು ಬೇಡ.

ಹಂತ 8: ಮಧ್ಯಂತರ

ಕಾಫಿಗೆ ಓಡುವ ಮೊದಲು ಆಸನದಲ್ಲೇ ಎರಡು ನಿಮಿಷ ಕೂತು ನೋಟ್‌ಪುಸ್ತಕ ತೆಗೆಯಿರಿ. ನೆನಪಿರುವ ಪಲ್ಲವಿ ಒಂದೋ ಎರಡೋ ಬರೆಯಿರಿ. ಪಕ್ಕದಲ್ಲಿ ಯಾರು ಹಾಡಿದ್ದು ಎಂದು ಹಾಕಿ. ಅಷ್ಟು ಸಾಕು. ನಾಟಕ ನಡೆಯುವಾಗ ಕತ್ತಲಲ್ಲಿ ಬರೆಯಬೇಡಿ. ಕಣ್ಣು ಪುಸ್ತಕಕ್ಕೆ ಹೋದರೆ ರಂಗ ಕೈತಪ್ಪುತ್ತದೆ.

ಹಿಂದೆ ಬಿದ್ದಿದ್ದೀರಿ ಎನ್ನುವುದಕ್ಕೆ ಕೆಲವು ಗುರುತುಗಳಿವೆ. ಸುತ್ತಲಿನವರು ನಗುವಾಗ ನಿಮಗೆ ನಗು ಬರುತ್ತಿಲ್ಲ. ಒಂದೂ ಪಲ್ಲವಿ ನೆನಪಿಲ್ಲ, ಧಾಟಿ ಮಾತ್ರ ನೆನಪಿದೆ. ಗಡಿಯಾರದ ನೆನಪು ಪದೇ ಪದೇ ಬರುತ್ತಿದೆ. ಹೀಗಾದರೆ ಮಧ್ಯಂತರದಲ್ಲೇ ಕರಪತ್ರದ ಕಥಾಸಾರ ಮತ್ತೊಮ್ಮೆ ಓದಿ, ನಾಟಕ ಗೊತ್ತಿರುವವರು ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಈಗ ಮುಖ್ಯ ಪಾತ್ರಕ್ಕೆ ಬೇಕಾಗಿರುವುದು ಏನು? ಇದಕ್ಕೆ ಉತ್ತರ ಸಿಕ್ಕರೆ ಉತ್ತರಾರ್ಧ ಕೈಗೆ ಬರುತ್ತದೆ.

ಮೇಳದ ಧ್ವನಿ ವಿಪರೀತ ಜೋರಾಗಿ, ನಟರ ಮಾತೇ ಕೇಳದಿದ್ದರೆ ಅದು ನಿಮ್ಮ ತಪ್ಪಲ್ಲ. ಧ್ವನಿ ನಿಯಂತ್ರಿಸುವವರು ಸಾಮಾನ್ಯವಾಗಿ ಸಭಾಂಗಣದ ಹಿಂಭಾಗದಲ್ಲಿರುತ್ತಾರೆ. ಹೋಗಿ ಮೆಲ್ಲಗೆ ಹೇಳಿ. ಖಾಲಿ ಸಭಾಂಗಣದಲ್ಲಿ ಸರಿಹೊಂದಿಸಿದ ಧ್ವನಿ ಜನ ತುಂಬಿದ ಮೇಲೆ ಬದಲಾಗುತ್ತದೆ, ಅವರಿಗೂ ಯಾರಾದರೂ ಹೇಳಿದರೇ ಅನುಕೂಲ.

ಎಷ್ಟೋ ಹವ್ಯಾಸಿ ನಾಟಕಗಳಿಗೆ ಮಧ್ಯಂತರವೇ ಇರುವುದಿಲ್ಲ. ಎರಡನೇ ಹಂತದಲ್ಲಿ ಕೇಳಿ ಎಂದದ್ದು ಇದಕ್ಕೇ. ವಯಸ್ಸಾದವರನ್ನೋ ಪುಟ್ಟ ಮಕ್ಕಳನ್ನೋ ಕರೆದೊಯ್ಯುವವರು ಇದನ್ನು ತಿಳಿಯದೆ ಹೊರಡಬಾರದು.

ಹಂತ 9: ಪರದೆ ಬಿದ್ದ ಮೇಲೆ

ನಟರು, ಮೇಳದವರು, ಬೆಳಕಿನವರು ಬಂದು ಪರಿಚಯ ಹೇಳಿಕೊಳ್ಳುವವರೆಗೆ ಏಳಬೇಡಿ. ಇದು ಶಿಷ್ಟಾಚಾರಕ್ಕಷ್ಟೇ ಅಲ್ಲ. ಎರಡು ಗಂಟೆ ಕೇಳಿದ ಧ್ವನಿಗಳಿಗೆ ಮುಖ ಸಿಗುವುದು, ಹಾಡು ಬರೆದವರ, ರಾಗ ಹಾಕಿದವರ ಹೆಸರು ಕೇಳಿಸುವುದು ಆಗಲೇ. ಹೆಸರು ಗೊತ್ತಾದರೆ ಅವರ ಮುಂದಿನ ನಾಟಕವನ್ನು ಹುಡುಕಬಹುದು.

ಹೊರಗೆ ಬಂದ ಮೇಲೆ ಮೊದಲು ಮೊಬೈಲ್ ತೆರೆಯಬೇಡಿ. ಕೊನೆಯ ಹಾಡಿನ ಒಂದು ಸಾಲು ಬರೆದುಕೊಳ್ಳಿ, ಮಧ್ಯಂತರದಲ್ಲಿ ಬರೆದದ್ದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಸಾಲಾಗಿದ್ದರೆ ಆ ನಾಟಕದ ಅರ್ಧ ವಿಮರ್ಶೆಯನ್ನು ನೀವೇ ಬರೆದಂತಾಯಿತು. ಹಾಡುಗಳ ಧ್ವನಿಮುದ್ರಣ ಈಗ ಕೇಳಬಹುದು, ಎರಡನೇ ಹಂತದ ನಿಷೇಧ ಇಲ್ಲಿಗೆ ಮುಗಿಯಿತು. ಮನೆಗೆ ಹೋಗುವ ದಾರಿಯಲ್ಲೇ ಕೇಳಿ, ಚರಣಗಳಲ್ಲಿ ತಪ್ಪಿದ್ದು ಆಗ ಸಿಗುತ್ತದೆ.

ನಿರ್ದೇಶಕರು ಹೆಚ್ಚಾಗಿ ಬಾಗಿಲ ಬಳಿಯಲ್ಲೇ ನಿಂತಿರುತ್ತಾರೆ. ‘ಚೆನ್ನಾಗಿತ್ತು’ ಎಂದು ಕೈ ಕುಲುಕಿ ಹೋಗುವ ಬದಲು ತಿಳಿಯದೆ ಉಳಿದ ಒಂದು ಹಾಡಿನ ಬಗ್ಗೆ ಕೇಳಿ. ಕೇಳುವವರು ಕಡಿಮೆ, ಉತ್ತರ ಉದ್ದವಾಗಿಯೇ ಬರುತ್ತದೆ. ಕೊನೆಯ ಮೆಟ್ರೊ ಸಮಯ ಮೊದಲೇ ನೋಡಿಟ್ಟುಕೊಂಡಿದ್ದರೆ ಪೂರ್ತಿ ಕೇಳಿಸಿಕೊಳ್ಳಬಹುದು.

ಅದೇ ನಾಟಕವನ್ನು ಮತ್ತೆ ನೋಡಬೇಕೆನಿಸಿದರೆ ಸಭಾಂಗಣ ಬದಲಿಸಿ. ರಂಗಶಂಕರದಲ್ಲಿ ನೋಡಿದ್ದನ್ನು ಕಲಾಕ್ಷೇತ್ರದ ದೊಡ್ಡ ವೇದಿಕೆಯ ಮೇಲೆ ನೋಡಿದರೆ ಮೇಳದ ಜಾಗ, ನಡೆ, ಹಾಡಿನ ಗತಿ ಎಲ್ಲ ಬೇರೆಯಾಗಿರುತ್ತದೆ. ಟಿಕೆಟ್ ತೆಗೆಯುವ ಮೊದಲು ಹಾಡುವವರು ಅವರೇನಾ ಎಂದು ತಂಡಕ್ಕೆ ಫೋನ್ ಮಾಡಿ ಕೇಳಿ. ಹವ್ಯಾಸಿ ತಂಡಗಳಲ್ಲಿ ಬ್ಯಾಂಕಿನ ವರ್ಗಾವಣೆ, ಮದುವೆ, ಪರೀಕ್ಷೆ ಎಂದು ನಟರು ಬದಲಾಗುತ್ತಲೇ ಇರುತ್ತಾರೆ.